ಎದೆ ಮಾತ್ರ ನೋಡಿದ ಡಾಕ್ಟರು

ಆ ಡಾಕ್ಟರ ಕೈಯಿಂದ ಪೆನ್ನು ಕಸಿಯಬೇಕು ಎಂದು ನಾನು ತೀರ್ಮಾನಿಸಿದ್ದು ಹೊಸಪೇಟೆಯ ಒಂದು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ, ಮಾಮನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಾಗ. ಮಾಮ ನಿದ್ದೆಹೋಗಿದ್ದ. ಅವನ ರಕ್ತ ನಳಿಗೆಯಲ್ಲಿ ಹೊರಗೆ ಬಂದು, ಯಂತ್ರದೊಳಗೆ ಸುತ್ತಿ, ತೊಳೆದುಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಹದಿನೆಂಟು ವರ್ಷ ಸಂಡೂರಿನ ಗಣಿಯಲ್ಲಿ ಡಂಪರ್ ಓಡಿಸಿದ ಕೈ ದಿಂಬಿನ ಮೇಲೆ ಅಲುಗಾಡದೆ ಬಿದ್ದಿತ್ತು. ಆ ಡಾಕ್ಟರು ಮಾತ್ರ ಅದೇ ಹೊತ್ತಿಗೆ ಸಂಡೂರಿನಲ್ಲಿ ಕೂತು, ಇನ್ಯಾರದೋ ಚೀಟಿಯ ಮೇಲೆ 'ಫಿಟ್' ಎಂದು ಬರೆಯುತ್ತಿದ್ದರು.

ಮಾಮ ಎಂದರೆ ನಮ್ಮ ಅವ್ವನ ತಮ್ಮ. ನನ್ನ ಅಕ್ಕನ ಗಂಡನೂ ಅವನೇ. ನಮ್ಮ ಕಡೆ ಇದು ವಿಶೇಷವಲ್ಲ, ಎರಡು ಸಂಬಂಧಕ್ಕೂ ಒಂದೇ ಹೆಸರು ಹಿಡಿದು ಕೂಗುತ್ತೇವೆ. ಅವರ ಮನೆ ಕಂಪ್ಲಿಯಲ್ಲಿ. ನಾನು ಹೊಸಪೇಟೆಯಲ್ಲಿದ್ದೇನೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮಾಮ ಡಂಪರ್ ಓಡಿಸುತ್ತಿದ್ದ ಗಣಿಯ ಲ್ಯಾಬಿನಲ್ಲೇ ಕೆಮಿಸ್ಟ್ ಆದವನು. ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ಯಾರ ಮಾತನ್ನೂ ಅಳೆಯದೆ ನಂಬಬಾರದು ಎಂಬುದು ಆ ಓದು ಕಲಿಸಿದ್ದು. ಈಗ ನಾನು ಹೆಚ್ಚು ಅನುಮಾನ ಪಡುವುದು ನನ್ನ ನೆನಪಿನ ಮೇಲೆಯೇ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಆಗಾಗ ಹೇಳುತ್ತ ಹೋಗುತ್ತೇನೆ.

ಗಟ್ಟಿಯಾದದ್ದು ಇಷ್ಟು. ಕೊರೊನಾದ ಎರಡನೆಯ ಅಲೆಯಲ್ಲಿ ನಾನು ಮತ್ತು ಮಾಮ ಒಂದೇ ವಾರ ಮಲಗಿದೆವು, ನಾನು ಹೊಸಪೇಟೆಯಲ್ಲಿ, ಅವನು ಕಂಪ್ಲಿಯಲ್ಲಿ. ಇಬ್ಬರಿಗೂ ಆಸ್ಪತ್ರೆ ಬೇಕಾಗಲಿಲ್ಲ. ಜ್ವರ, ಮೈಕೈ ನೋವು, ಮೂಗಿಗೆ ಯಾವ ವಾಸನೆಯೂ ಇಲ್ಲ, ನಾಲಿಗೆಗೆ ರುಚಿಯಿಲ್ಲ. ಮಾಮನಿಗೆ ಕೆಮ್ಮೇ ಬರಲಿಲ್ಲ. ಅಕ್ಕ ಫೋನಿನಲ್ಲಿ, "ಇವಂಗೇನಾಗೈತಲೇ, ಕೆಮ್ಮಿಲ್ಲ ದಮ್ಮಿಲ್ಲ, ಸುಮ್ನ ರಜಾ ಹೊಡ್ಯಾಕ ಮಲಗ್ಯಾನ" ಎಂದು ನಗುತ್ತಿದ್ದಳು. ಹಿಂದಿನಿಂದ ಮಾಮ, "ನಿನ್ನ ಅಡಿಗಿ ವಾಸನಿ ಬರದಿದ್ದದ್ದ ಛಲೋ ಆತು" ಎಂದು ಕೂಗುತ್ತಿದ್ದ.

ಗಣಿಯ ಜನರಿಗೆ ಕಾಯಿಲೆ ಎಂದರೆ ಎದೆ. ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಕೆಂಪು ಧೂಳು ನಮ್ಮ ಅಂಗಿಯ ಕಾಲರಿನಲ್ಲಿದೆ, ಮನೆಯ ಬಾಗಿಲ ಸಂದಿಯಲ್ಲಿದೆ, ಕರವಸ್ತ್ರದಲ್ಲಿ ಸೀನಿದರೆ ಕಾಣುತ್ತದೆ. ಅದು ಪುಪ್ಪುಸಕ್ಕೆ ಇಳಿಯುತ್ತದೆ ಎಂಬ ಹೆದರಿಕೆಯಲ್ಲೇ ಎರಡು ತಲೆಮಾರು ದುಡಿದಿದೆ. ಅದಕ್ಕೇ ತಪಾಸಣೆ ಎಂದರೆ ಎಕ್ಸ್‌ರೇ, ಸ್ಟೆತಸ್ಕೋಪು, ಊದುವ ನಳಿಗೆ. ಎದೆ ಸ್ವಚ್ಛ ಇದ್ದರೆ ಮನುಷ್ಯ ಸ್ವಚ್ಛ. ಕೊರೊನಾ ಬಂದಾಗ ಅದೂ ಎದೆಯ ಕಾಯಿಲೆ ಎಂದು ಟಿವಿ ಹೇಳಿತು. ಗೊತ್ತಿದ್ದ ಹೆದರಿಕೆಗೆ ಗೊತ್ತಿಲ್ಲದ ಹೆದರಿಕೆ ಸರಿಯಾಗಿ ಕೂತಿತು.

ಜ್ವರ ಬಿಟ್ಟು ಮೂರು ವಾರಕ್ಕೆ ಇಬ್ಬರಿಗೂ ಫಿಟ್‌ನೆಸ್ ಚೀಟಿ ಬೇಕಾಯಿತು. ಅದಿಲ್ಲದೆ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಗಣಿಗೆ ಆಳು ಒದಗಿಸುವ ಗುತ್ತಿಗೆದಾರನ ಕ್ಲಿನಿಕ್ ಸಂಡೂರಿನಲ್ಲಿತ್ತು. ಒಂದು ಲಾರಿ ಜನ ಬೆಂಚಿನ ಮೇಲೆ ಕಾಯುತ್ತಿದ್ದರು. ಕುರೆಕುಪ್ಪದವನೊಬ್ಬ ಎಷ್ಟು ಹೊತ್ತು ಉಸಿರು ಕಟ್ಟಬಲ್ಲೆ ಎಂದು ಪಂದ್ಯ ಹಚ್ಚಿದ. ಮಾಮ ಗೆದ್ದ. ಸಣ್ಣವನಿದ್ದಾಗಿನಿಂದ ಕಂಪ್ಲಿಯ ಕಾಲುವೆಯಲ್ಲಿ ಮುಳುಗು ಹಾಕಿ ಬೆಳೆದವನು.

"ಲೇ, ಇವನ ಎದಿ ಎದಿಯಲ್ಲ, ಲಾರಿ ಟ್ಯೂಬು" ಅಂದ ಸೋತವನು.

"ನಳಿಗಿ ಹರದೀತು ಮಾವ, ಮೆತ್ತಗ ಊದು" ಅಂದ ಇನ್ನೊಬ್ಬ.

ಒಳಗೆ ಹೋಗುವಾಗ ಮಾಮ ನನ್ನನ್ನೂ ಜೊತೆಗೆ ಕರೆದುಕೊಂಡ. ಡಾಕ್ಟರು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಅಳಿಯ ಇರಲಿ ಎಂದು. ಡಾಕ್ಟರಿಗೆ ಅರವತ್ತು ದಾಟಿತ್ತು, ಹಣೆಯ ಮೇಲೆ ಒಪ್ಪವಾದ ನಾಮ. ಬೈಯುವವರಲ್ಲ, ನಗಿಸುವವರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೆರಳಿಗೆ ಕ್ಲಿಪ್ ಹಾಕಿದರು, ಎಕ್ಸ್‌ರೇ ಬೆಳಕಿಗೆ ಹಿಡಿದರು, ನಳಿಗೆ ಊದಿಸಿದರು. "ಭಾಳ ಮಸ್ತ್ ಐತಪ್ಪ, ನನಗಿಂತ ಛಲೋ ಐತಿ ನಿನ್ನ ಎದಿ" ಎಂದರು. ಆಮೇಲೆ ಇದು ನಡೆಯಿತು, ಅಥವಾ ನಡೆಯಿತು ಎಂದು ನನಗೆ ನೆನಪಿದೆ. ಮಾಮ ಅಂಗಿಯ ಗುಂಡಿ ಹಾಕುತ್ತ ಹೇಳಿದ, "ಸಾಹೇಬ್ರ, ಕಾಲು ಸ್ವಲ್ಪ ಬಾತಂಗ ಅನಸ್ತೈತ್ರಿ." ಡಾಕ್ಟರು ತಲೆ ಎತ್ತದೆ ಹೇಳಿದರು, "ಡಂಪರ್ ಓಡ್ಸೋದು ಎದಿಲಿಂದ ಅಲ್ಲ, ಕಾಲಿಲಿಂದ ಅಂತ ನನಗೂ ಗೊತ್ತು. ಆದ್ರ ನಾ ಕಾಲಿನ ಡಾಕ್ಟರ್ ಅಲ್ಲಪ್ಪ." ಮಾಮನೂ ನಕ್ಕ. ನಾನೂ ನಕ್ಕೆ.

ಚೀಟಿಯಲ್ಲಿ ಬಹಳ ಅಂಕಣಗಳಿದ್ದವು. ಕಣ್ಣು, ಕಿವಿ, ಎದೆ, ಮೂತ್ರ, ಸ್ಮರಣೆ ಮತ್ತು ಗಮನ. ಎಲ್ಲದರ ಮುಂದೆ ಒಂದೇ ಶಾಯಿಯಲ್ಲಿ 'ಸರಿ ಇದೆ'. ಮೂತ್ರಕ್ಕೆಂದು ನಮಗೆ ಯಾರೂ ಡಬ್ಬಿ ಕೊಡಲಿಲ್ಲ. ಅಲ್ಲಿನ ಪಾಯಿಖಾನೆಯೊಳಗೆ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿ ಬೀಗ ಹಾಕಿದ್ದರು. ನಾವು ಹೊರಗೆ ಜಾಲಿಗಿಡದ ಹತ್ತಿರ ಹೋಗಿ ಬಂದೆವು. ನನ್ನ ಸ್ಮರಣೆ ಹೇಗಿದೆ ಎಂದೂ ಯಾರೂ ಕೇಳಲಿಲ್ಲ. ಐದು ನಿಮಿಷದಲ್ಲಿ ಇಬ್ಬರೂ ಫಿಟ್.

ನನಗೆ ಮೊದಲು ಕೈಕೊಟ್ಟದ್ದು ಲ್ಯಾಬಿನಲ್ಲಿ. ಕಬ್ಬಿಣ ಅಳೆಯುವಾಗ ದ್ರಾವಣಕ್ಕೆ ಒಂದು ಸೂಚಕ ಹಾಕಬೇಕು, ಅದು ನೇರಳೆಗೆ ತಿರುಗಿದಾಗ ನಿಲ್ಲಿಸಬೇಕು. ಸಾವಿರ ಸಲ ಮಾಡಿದ ಕೆಲಸ. ಒಂದು ದಿನ ಫ್ಲಾಸ್ಕ್ ಕೈಯಲ್ಲಿ ಹಿಡಿದು ನಿಂತೆ, ಸೂಚಕ ಹಾಕಿದೆನೋ ಇಲ್ಲವೋ ತಿಳಿಯಲಿಲ್ಲ. ಹಾಕಿದೆ. ನಿಜವಾಗಿ ಅದು ಎರಡನೆಯ ಸಲವಾಗಿತ್ತು. ಆಮೇಲೆ ಮಾತಿನ ಮಧ್ಯೆ ಪದ ಜಾರುವುದು, ಓದಿದ ಪುಟವನ್ನೇ ಓದುವುದು. ಒಂದು ಭಾನುವಾರ ಹಂಪಿಯ ಮಾತಂಗ ಬೆಟ್ಟ ಹತ್ತಲು ಹೋಗಿ ಕಾಲುಭಾಗ ಏರುವಷ್ಟರಲ್ಲೇ ಕೂತೆ. ಕೂತರೂ ಎದೆ ಓಡುತ್ತಿತ್ತು, ಯಾರೋ ಅಟ್ಟಿಸಿಕೊಂಡು ಬಂದಂತೆ. ಕೆಳಗೆ ಬುಕ್ಕಸಾಗರದ ಕಡೆಯ ಗದ್ದೆ ಹಸಿರಾಗಿ ಕಾಣುತ್ತಿತ್ತು. ವಿದೇಶಿ ಮುದುಕಿಯೊಬ್ಬಳು ನನ್ನನ್ನು ದಾಟಿಕೊಂಡು ಹತ್ತಿ ಹೋದಳು.

ನರರೋಗ ತಜ್ಞರೊಬ್ಬರು ಐದು ಪದ ಹೇಳಿ, ಹತ್ತು ನಿಮಿಷ ಬಿಟ್ಟು ವಾಪಸು ಕೇಳಿದರು. ಎರಡು ಹೇಳಿದೆ. 'ಕೊರೊನಾ ಜ್ವರ ಬಂದಾಗಿನಿಂದ ಸ್ಮರಣೆ ಮತ್ತು ಗಮನ ಕುಂದಿದೆ' ಎಂದು ಬರೆದುಕೊಟ್ಟರು. ಆ ಕಾಗದ ಕೊಟ್ಟಮೇಲೆ ಮ್ಯಾನೇಜರು ನನ್ನನ್ನು ಲ್ಯಾಬಿನಿಂದ ತೆಗೆದು ಸ್ಯಾಂಪಲ್ ಅಂಗಳಕ್ಕೆ ಹಾಕಿದರು, ಅದಿರಿನ ರಾಶಿಯಿಂದ ಮಾದರಿ ತೆಗೆಸುವ ಉಸ್ತುವಾರಿಗೆ.

ಆ ಕೆಲಸದಲ್ಲಿ ಒಂದೇ ಕಟ್ಟಳೆ. ರಾಶಿಯ ಮೇಲಿನಿಂದ ಒಂದು ಹಿಡಿ ತೆಗೆದು ಅದಿರು ಹೇಗಿದೆ ಎಂದು ಹೇಳಬಾರದು. ಲಾರಿಯಿಂದ ಸುರಿದಾಗ ದಪ್ಪದ್ದು ಕೆಳಗೆ ಉರುಳುತ್ತದೆ, ಸಣ್ಣದು ಮಧ್ಯದಲ್ಲಿ ಉಳಿಯುತ್ತದೆ. ಸುತ್ತ ಹತ್ತಾರು ಕಡೆ ತೋಡಿ, ಎಲ್ಲ ಕೂಡಿಸಿ, ಗುಪ್ಪೆ ಮಾಡಿ, ತಟ್ಟಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಡಬೇಕು. ಉಳಿದದ್ದನ್ನು ಮತ್ತೆ ಹಾಗೇ. ಮೇಲಿನ ಹಿಡಿ ತಂದ ಕೂಲಿಗೆ ನಾನೇ ಬೈಯುತ್ತಿದ್ದೆ, "ರಾಶಿ ಮಾರಿ ನೋಡಿ ಲೆಕ್ಕ ಹಾಕ್ತೀಯೇನಲೇ?" ಎಂದು.

ಹಾಗೆ ಬೈಯುತ್ತ ನಿಂತಿದ್ದ ದಿನಗಳಲ್ಲೇ ಮಾಮನ ಕಾಲು ಕಂಬವಾಗುತ್ತಿತ್ತು. ಡಂಪರಿನಲ್ಲಿ ಕೂತು ಕೂತು ಬಾವು ಬಂದಿದೆ ಎಂದು ಅಕ್ಕ ಎಕ್ಕೆಯ ಎಲೆ ಕಾಸಿ ಕಟ್ಟುತ್ತಿದ್ದಳು. ಮೂತ್ರದಲ್ಲಿ ನೊರೆ ಬರುತ್ತಿತ್ತಂತೆ, ಅದನ್ನು ಯಾರಿಗೆ ಹೇಳುವುದು ಎಂದು ಮಾಮ ಸುಮ್ಮನಿದ್ದ. ಕೆಮ್ಮಿಲ್ಲವಲ್ಲ. ಬೆಳಿಗ್ಗೆ ಮುಖ ಊದಿ ಕಣ್ಣು ಮುಚ್ಚಿಕೊಂಡು, ಅನ್ನ ನೋಡಿದರೆ ವಾಂತಿ ಬರುವ ಹೊತ್ತಿಗೆ ಹೊಸಪೇಟೆಗೆ ಕರೆತಂದೆವು. ಎರಡೂ ಮೂತ್ರಪಿಂಡ ಹೆಚ್ಚುಕಡಿಮೆ ಮುಗಿದಿದ್ದವು.

ಮೂತ್ರಪಿಂಡದ ಡಾಕ್ಟರು ಮೂವತ್ತೈದರ ಹೆಣ್ಣುಮಗಳು. ನಾನು ಓದಿದವನು ಎಂದು ತಿಳಿದು, ಹಾಳೆ ತೆಗೆದು ಒಂದು ಮನುಷ್ಯಾಕಾರ ಬರೆದರು. "ಈ ವೈರಸ್ ಒಳಗ ಬರೋದು ಮೂಗಿನಿಂದ. ಆದ್ರ ಅದು ಜೀವಕೋಶಕ್ಕ ಹೋಗೋ ಬಾಗಿಲು ಶ್ವಾಸಕೋಶದಾಗ ಅಷ್ಟ ಇಲ್ರಿ. ಹೃದಯದಾಗ ಐತಿ, ಕರುಳಿನಾಗ ಐತಿ, ಮೂತ್ರಪಿಂಡದಾಗ ಭಾಳ ಐತಿ. ರಕ್ತನಾಳದ ಒಳಪದರಕ್ಕ ಉರಿ ಹತ್ತಿದ್ರ, ಸಣ್ಣ ಸಣ್ಣ ಹೆಪ್ಪು ಕಟ್ಟಿದ್ರ, ರಕ್ತ ಎಲ್ಲೆಲ್ಲಿ ಹೊಕ್ಕೈತೋ ಅಲ್ಲೆಲ್ಲ ಪೆಟ್ಟು ಬೀಳಬಹುದು. ಕೆಲವರಿಗೆ ಮೈ ತನ್ನ ರಕ್ಷಣೆಗೆ ಅಂತ ಎದ್ದು ತನ್ನ ಅಂಗಾನ ಸುಟ್ಟುಕೊಂತೈತಿ. ಸಕ್ಕರಿ ಕಾಯಿಲೆ ಹೊಸದಾಗಿ ಬಂದವರನ್ನೂ ನೋಡೀನಿ." ಪೆನ್ನಿನಿಂದ ಎದೆ, ಹೊಟ್ಟೆ, ತಲೆ ಎಲ್ಲದಕ್ಕೂ ಸುತ್ತು ಹಾಕಿದರು.

"ಹಂಗಾದ್ರ ಇದು ಕೊರೊನಾದಿಂದಲೇ ಆಗಿದ್ದು?" ಎಂದೆ.

"ಅದರಿಂದಲೇ ಅಂತ ಆಣೆ ಮಾಡಿ ಹೇಳಾಂಗಿಲ್ರಿ. ಇವರಿಗೆ ಬಿಪಿ ಮೊದಲ ಇತ್ತೋ ಏನೋ, ಯಾರು ನೋಡ್ಯಾರ? ಆದ್ರ ಜ್ವರ ಬಿಟ್ಟು ಮತ್ತ ಕೆಲಸಕ್ಕ ಸೇರೋವಾಗ ಒಂದು ಮೂತ್ರ ಪರೀಕ್ಷೆ ಮಾಡಿದ್ರ ಗೊತ್ತಾಗ್ತಿತ್ತು. ಆಗಿಂದ ಔಷಧಿ ಕೊಟ್ಟಿದ್ರ ಇಷ್ಟು ಜಲ್ದಿ ಮಷೀನಿಗೆ ಬರ್ತಿರಲಿಲ್ಲ."

ನಾನು ಮಾಮನ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟೆ. ಮೂತ್ರ: ಸರಿ ಇದೆ. ಆಕೆ ಓದಿ, ಮಡಚಿ ವಾಪಸು ಕೊಟ್ಟರು. ರಾಶಿಯ ಮುಖ ನೋಡಿ ಲೆಕ್ಕ ಹಾಕಿದವರು ಯಾರು ಎಂದು ನನಗೆ ಆ ಮಡಿಕೆಯಲ್ಲಿ ಕಂಡಿತು. ಸ್ಟೂಲಿನ ಮೇಲೆ ಕೂತು ತೀರ್ಮಾನ ಮಾಡಿದ್ದು ಆ ದಿನವೇ. ವೈರಸ್ಸಿನ ಮೇಲೆ ಸೇಡು ತೀರಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೆ ಮುಖವಿಲ್ಲ, ನಾಚಿಕೆಯಿಲ್ಲ. ಡಾಕ್ಟರಿಗೆ ಎರಡೂ ಇದ್ದವು.

ಅಕ್ಕನಿಗೆ ಹೇಳಿದೆ. ಅವಳು ಮಾಮನಿಗೆ ಆ ದಿನದ ನೀರು ಅಳೆದು ಚೊಂಬಿಗೆ ಹಾಕುತ್ತಿದ್ದಳು. ಅಷ್ಟರಲ್ಲೇ ಅವನು ಸಂಜೆಯವರೆಗೆ ಇರಬೇಕು. "ಬ್ಯಾಡ ತಮ್ಮ. ಅವ್ರೇನು ಬೇಕಂತ ಮಾಡ್ಯಾರ?"

"ಬೇಕಂತ ಮಾಡಿದ್ರ ಒಂದು ಸಲ ಮಾಡ್ತಿದ್ರು. ಬ್ಯಾಸರಕ್ಕ ಮಾಡಿದ್ದು, ಅದಕ್ಕ ದಿನಾ ಮಾಡ್ತಾರ" ಎಂದೆ. ಕಾಲಿನ ಮಾತನ್ನೂ ಹೇಳಿದೆ. ಅಕ್ಕ ಚೊಂಬು ಕೆಳಗಿಟ್ಟಳು.

"ಕಾಲು ಬಾತಿದ್ದು ದೀಪಾವಳಿ ಮುಂದ ಅಲ್ಲೇನು? ನೀವು ಸಂಡೂರಿಗೆ ಹೋಗಿದ್ದು ಮಳೆಗಾಲದಾಗ."

ಮಾಮನನ್ನು ಕೇಳಿದೆ. "ನಾ ಹಂಗಂದ್ನೇನೋ ಅಳಿಯ? ಅಂದಿರಬೇಕು. ನೆಪ್ಪಿಲ್ಲ" ಎಂದ. ಆಮೇಲೆ, "ಉಸಿರಿನ ಪಂದ್ಯ ಗೆದ್ದಿದ್ದು ನೆಪ್ಪೈತಿ" ಎಂದ.

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಒಂದು ಪ್ರಯೋಗದ ಫಲಿತಾಂಶ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಬಂದಿದ್ದರೆ ನಾನೇ ಅದನ್ನು ತಿರಸ್ಕರಿಸುತ್ತಿದ್ದೆ. ಆದರೆ ಸರ್ಕಾರಕ್ಕೆ ಕೊಟ್ಟ ದೂರಿನಲ್ಲಿ ಆ ಮಾತನ್ನು ಅಕ್ಷರ ಬಿಡದೆ ಬರೆದೆ. ಮೂತ್ರ ಪರೀಕ್ಷೆ ಮಾಡದೆ ಮಾಡಿದಂತೆ ಬರೆದದ್ದು ಮುಖ್ಯ ದೂರು. ಕಾಲಿನ ಮಾತು ಅದರ ಬಾಲ.

ಸಾಕ್ಷಿ ಬೇಕಿತ್ತು. ಅವತ್ತು ಬೆಂಚಿನ ಮೇಲಿದ್ದವರನ್ನು ಹುಡುಕಿ ಹೋದೆ. ಕುರೆಕುಪ್ಪದವನು ಚಹಾ ಕುಡಿಸಿದ, "ನೆಪ್ಪಿಲ್ರಿ ಸರ" ಎಂದ. ಮರಿಯಮ್ಮನಹಳ್ಳಿಯವನೂ ಅದೇ ಮಾತು. ಇಬ್ಬರೂ ಇನ್ನೂ ಅದೇ ಗುತ್ತಿಗೆದಾರನ ಕೆಳಗಿದ್ದರು. ಮೆದುಳು ನೆಟ್ಟಗಿದ್ದವರೆಲ್ಲ ಮರೆತಿದ್ದರು. ಮೆದುಳು ಕೆಟ್ಟ ನಾನೊಬ್ಬನೇ ನೆನಪಿಟ್ಟವನು.

ವಿಚಾರಣೆ ಹೊಸಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ, ಒಂದು ಬೆಳಿಗ್ಗೆ ನಡೆಯಿತು. ಅಧಿಕಾರಿ ಮಿತಭಾಷಿ. "ಕುಂದ್ರಿ" ಎಂದು ಇಬ್ಬರಿಗೂ ಎದುರುಬದುರು ಕುರ್ಚಿ ತೋರಿಸಿದರು. ಡಾಕ್ಟರು ಶಾಂತವಾಗಿದ್ದರು. ಮೂತ್ರ ಪರೀಕ್ಷೆ ಎಲ್ಲರಿಗೂ ಮಾಡಿದ್ದೇವೆ ಎಂದರು. ಆಮೇಲೆ ಒಂದು ಕಾಗದ ಮುಂದಿಟ್ಟರು, ನರರೋಗ ತಜ್ಞರು ನನಗೆ ಬರೆದುಕೊಟ್ಟದ್ದು, ಮ್ಯಾನೇಜರ ಫೈಲಿನಿಂದ ತೆಗೆದ ನಕಲು.

"ಕೆಮಿಸ್ಟ್ ಸಾಹೇಬ್ರ ಮ್ಯಾಲೆ ನನಗ ಸಿಟ್ಟಿಲ್ರಿ" ಎಂದರು ಅಧಿಕಾರಿಗೆ. "ಜ್ವರ ಬಂದಾಗಿನಿಂದ ಅವರಿಗೆ ನೆನಪಿನ ತೊಂದರೆ ಐತಿ, ಪಾಪ. ಇದ್ದದ್ದು ಇಲ್ಲ ಅನಸ್ತೈತಿ, ಇಲ್ಲದ್ದು ಇತ್ತು ಅನಸ್ತೈತಿ."

ಆ ಕಾಗದ ಬರುತ್ತದೆ ಎಂದು ನನಗೆ ಗೊತ್ತಿತ್ತು. ಬರಲಿ ಎಂದು ಕಾಯುತ್ತಿದ್ದೆ. ಮೂರು ವಾರ ಅದಕ್ಕಾಗಿಯೇ ತಯಾರಾಗಿ, ಮರೆಯಬಾರದೆಂದು ಅಂಗೈ ಮೇಲೆ ಪೆನ್ನಿನಿಂದ ಎರಡು ಪದ ಬರೆದುಕೊಂಡು ಹೋಗಿದ್ದೆ: ನನ್ನ ಚೀಟಿ.

"ಡಾಕ್ಟರ ಮಾತು ಖರೇ ಐತ್ರಿ" ಎಂದೆ. "ನನ್ನ ನೆನಪು ಜ್ವರ ಬಂದಾಗಿನಿಂದ ಕೆಟ್ಟೈತಿ. ಮೂರು ವಾರ ಬಿಟ್ಟು ಇವರು ನನ್ನನ್ನೂ ನೋಡ್ಯಾರ. ಇದು ಅವತ್ತಿನ ನನ್ನ ಚೀಟಿ. ಸ್ಮರಣೆ ಮತ್ತು ಗಮನ, ಸರಿ ಇದೆ. ಸಹಿ ಇವರದೇ. ಇವರು ಪರೀಕ್ಷೆ ಮಾಡಿ ಬರೆದಿದ್ರ ನನ್ನ ನೆನಪು ಸರಿ ಇತ್ತು, ಹಂಗಾದ್ರ ಅವತ್ತು ನಮಗ ಯಾರೂ ಡಬ್ಬಿ ಕೊಡಲಿಲ್ಲ ಅಂತ ನಾ ಹೇಳಿದ್ದನ್ನ ಬರ್ಕೊಳ್ರಿ. ನನ್ನ ನೆನಪು ಕೆಟ್ಟಿತ್ತು ಅಂದ್ರ, ಇವರು ನೋಡದನ ಸರಿ ಇದೆ ಅಂತ ಬರೀತಾರ. ಅದನ್ನ ಬರ್ಕೊಳ್ರಿ. ಯಾವುದಾದ್ರೂ ಒಂದು."

ಅಧಿಕಾರಿ ಚೀಟಿಯನ್ನು ಎತ್ತಿಕೊಂಡು, ನರರೋಗ ತಜ್ಞರ ಕಾಗದದ ಪಕ್ಕ ಇಟ್ಟು, ಎರಡರ ತಾರೀಖಿನ ಮೇಲೂ ಬೆರಳು ಓಡಿಸಿದರು. ಡಾಕ್ಟರು ತಮ್ಮದೇ ಸಹಿಯನ್ನು ಬಗ್ಗಿ ನೋಡಿದರು. ಆ ಕ್ಷಣದ ರುಚಿಯನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಜ್ವರದಲ್ಲಿ ಹೋದ ನಾಲಿಗೆ ವಾಪಸು ಬಂದಂತೆ ಇತ್ತು. ಹಾಳಾದ ಮೆದುಳಿನಿಂದಲೇ ಹೊಡೆದಿದ್ದೆ, ನೆಟ್ಟಗಿನ ಮೆದುಳಿನಿಂದ ಇಷ್ಟು ಗುರಿಯಿಟ್ಟು ಹೊಡೆಯಲು ಆಗುತ್ತಿರಲಿಲ್ಲ.

"ಬಂದಷ್ಟು ಜನ..." ಎಂದರು ಡಾಕ್ಟರು. "ಒಬ್ಬನ ಕೈಲಿ... ಎದಿ ಮುಖ್ಯ ಅಂತ..."

ಒಂದು ತಿಂಗಳಿಗೆ ಆದೇಶ ಬಂತು. ಅವರು ಇನ್ನು ಫಿಟ್‌ನೆಸ್ ಚೀಟಿಗೆ ಸಹಿ ಮಾಡುವಂತಿಲ್ಲ. ಕೊರೊನಾ ಬಂದು ಹೋದವರನ್ನೆಲ್ಲ ಮತ್ತೆ ಕರೆಸಿ ರಕ್ತ, ಮೂತ್ರ, ಬಿಪಿ ನೋಡಬೇಕು. ಹಾಗೆ ಕರೆಸಿದಾಗ ಕುರೆಕುಪ್ಪದವನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು ಎಂದು ಕೇಳಿದೆ. ಅದು ಕೊರೊನಾದಿಂದ ಬಂತೋ ಮೊದಲೇ ಇತ್ತೋ ಯಾರಿಗೂ ತಿಳಿಯದು. ಅವನು ಫೋನು ಮಾಡಲಿಲ್ಲ. ಮಾಡಲಿ ಎಂದು ನಾನೂ ಕಾಯಲಿಲ್ಲ.

ಆದೇಶದ ಪ್ರತಿ ತೆಗೆದುಕೊಳ್ಳಲು ಹೋದ ದಿನ ಕಚೇರಿಯ ಗೇಟಿನ ಹತ್ತಿರ ಡಾಕ್ಟರು ಸಿಕ್ಕರು. ನಾಮ ಅಷ್ಟೇ ಒಪ್ಪವಾಗಿತ್ತು, ಕೆಳಗಿನ ಮುಖ ಇಳಿದಿತ್ತು. ಬೈಯುತ್ತಾರೆ ಎಂದುಕೊಂಡೆ. ನಾನೂ ತಯಾರಿದ್ದೆ.

"ಒಂದು ಕೇಳ್ತೀನಿ, ಖರೇ ಹೇಳ್ರಿ" ಎಂದರು. "ಪೆನ್ನು ಹೋತು, ಹೋಗ್ಲಿ. ಮೂತ್ರದ ವಿಷಯ ಒಪ್ಪಿದೆ. ಆ ಕಾಲಿನ ಮಾತು... ನಿಮ್ಮ ಮಾಮ ಹೇಳಿದ್ರ? ನಾ ಹಂಗ ಚಾಷ್ಟಿ ಮಾಡಿದ್ನ? ನನಗ ನೆಪ್ಪಾಗವಲ್ದು. ಮಲಗಿದ್ರ ಅದ ಬರ್ತೈತಿ."

ಇಲ್ಲಿ ನಾನು ಸುಳ್ಳು ಬರೆಯಲಾರೆ. ಆ ಗಳಿಗೆಯಲ್ಲಿ ನನ್ನೊಳಗೆ ಎರಡು ಮಾತೂ ಇದ್ದವು. ದೀಪಾವಳಿ ಎಂದಿದ್ದಳು ಅಕ್ಕ. ಮಾಮನಿಗೆ ನೆನಪಿಲ್ಲ. ನನಗೆ ನೆನಪಿರುವ ಆ ನಗು, ಆ ಗುಂಡಿ ಹಾಕುವ ಬೆರಳು, ನಿಜವಾದ ಕೋಣೆಯವೋ, ಆಮೇಲೆ ಡಯಾಲಿಸಿಸ್ ವಾರ್ಡಿನಲ್ಲಿ ಕೂತು ನಾನು ಕಟ್ಟಿಕೊಂಡವೋ? ಗೊತ್ತಿಲ್ಲ ಎಂದು ಹೇಳಿದ್ದರೆ ಆ ಮನುಷ್ಯ ಹಗುರಾಗಿ ಮನೆಗೆ ಹೋಗುತ್ತಿದ್ದ.

"ಹೇಳಿದ್ರು" ಎಂದೆ. "ನಾ ಕಾಲಿನ ಡಾಕ್ಟರ್ ಅಲ್ಲಪ್ಪ ಅಂದ್ರಿ ನೀವು. ತಲಿ ಎತ್ತಿ ನೋಡಲಿಲ್ಲ."

ಅವರು ತುಟಿಯಲ್ಲೇ ಆ ಮಾತನ್ನು ಒಂದು ಸಲ ಆಡಿ ನೋಡಿದರು, ತಮ್ಮ ದನಿಗೆ ಹೊಂದುತ್ತದೋ ಎಂದು. ಹೊಂದಿರಬೇಕು. "ಅಂದಿರಬಹುದು" ಎಂದರು. "ನಾ ಹಂಗ ಅನ್ನಾವ." ಸ್ಕೂಟರಿನ ಹತ್ತಿರ ಹೋಗಿ ಬಹಳ ಹೊತ್ತು ಕೀಲಿ ಹುಡುಕಿದರು. ಕೀಲಿ ಅವರ ಕೈಯಲ್ಲೇ ಇತ್ತು. ನಾನು ಹೇಳಲಿಲ್ಲ.

ಕಂಪ್ಲಿಗೆ ಹೋಗಿ ಮಾಮನಿಗೆ ಎಲ್ಲವನ್ನೂ ವರದಿ ಮಾಡಿದೆ, ಗೇಟಿನ ಮಾತೂ ಸೇರಿ. ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಕಟ್ಟೆಯ ಮೇಲೆ ಕೂತು, ಸೂಜಿ ಚುಚ್ಚಿದ ಕೈಯನ್ನು ಇನ್ನೊಂದು ಕೈಯಿಂದ ಸವರುತ್ತ ಕೇಳಿಸಿಕೊಂಡ.

"ಮಲಗಿದ್ರ ಬರ್ತೈತಿ ಅಂದ್ರೇನು?"

"ಹೂಂ."

"ಪಾಪ" ಎಂದ. "ಒಂದು ಫೋನ್ ಮಾಡಿ ನೆಪ್ಪಿಲ್ಲ ಅಂತ ಹೇಳಿಬಿಡು ಅಳಿಯ."

ಹೇಳುತ್ತೇನೆ ಎಂದೆ. ಡಾಕ್ಟರ ನಂಬರು ನನ್ನ ಫೋನಿನಲ್ಲಿದೆ. ಮಾಮ ವಾರಕ್ಕೆ ಎರಡು ಸಲ ಹೊಸಪೇಟೆಗೆ ಬಂದು ನಾಲ್ಕು ಗಂಟೆ ಮಲಗುತ್ತಾನೆ, ಪ್ರತಿ ಸಲ ಮಾಡಿದೆಯಾ ಎಂದು ಕೇಳುತ್ತಾನೆ. ಮರೆತೆ ಮಾಮ, ನನ್ನ ತಲಿ ನಿನಗ ಗೊತ್ತಲ್ಲ, ಎನ್ನುತ್ತೇನೆ. ಅವನು ನಂಬುತ್ತಾನೆ.